ಚೀನಾದಿಂದ ಏನು ತರೋದು, ಎಲ್ಲಿಂದ ತರೋದು: ರೇಷ್ಮೆ, ಪಿಂಗಾಣಿ, ಗಂಧದ ಬೀಸಣಿಗೆ ಹುಡ್ಕೊಂಡು ಹೋದ ನಮ್ಮ ಅನುಭವ

ಸೂಝೌ ಊರಲ್ಲಿ ರೇಷ್ಮೆ ರಜಾಯಿ ಮಾಡೋ ಜಾಗದಲ್ಲಿ ಇಬ್ಬರು ಹೆಂಗಸರು ಬೇಯಿಸಿದ ಗೂಡನ್ನ ನೀರಲ್ಲೇ ಬಿಡಿಸಿ, ಒಳಗಿನ ಹುಳ ತೆಗೆದು, ಬಿಲ್ಲಿನ ಥರ ಬಾಗಿಸಿದ ಒಂದು ಚೌಕಟ್ಟಿಗೆ ಟೋಪಿ ಹಾಕ್ದಂಗೆ ಎಳೆದು ಹಾಕ್ತಿದ್ರು. ನಾನು ಒಂದು ಗೂಡು ಕೈಗೆ ತಗೊಂಡೆ, ದಪ್ಪ, ತುದಿ ಮೊಂಡು. ಡಬಲ್ ಗೂಡು! ನಮ್ಮದು ಶಿಡ್ಲಘಟ್ಟ ಕಡೆ, ಅಜ್ಜಿ ಮನೇಲಿ ಚಂದ್ರಿಕೆಯಿಂದ (ಹುಳ ಗೂಡು ಕಟ್ಟೋ ತಟ್ಟೆ) ಗೂಡು ಬಿಡಿಸೋವಾಗ ಇಂಥದ್ದನ್ನ ಬೇರೆ ಬುಟ್ಟಿಗೆ ಹಾಕೋರು, ಎರಡು ಹುಳ ಒಂದೇ ಗೂಡು ಕಟ್ಟಿರೋದ್ರಿಂದ ಎಳೆ ಸಿಕ್ಕಾಕ್ಕೊಂಡಿರುತ್ತೆ, ನೂಲು ಸರಿಯಾಗಿ ಬಿಚ್ಚಲ್ಲ, ರೇಟೂ ಇಲ್ಲ ಅಂತ. ಇಲ್ಲಿ ಅದೇ ಗೂಡನ್ನ ಆರಿಸಿ ಇಟ್ಕೊಂಡಿದ್ದಾರೆ, ಯಾಕಂದ್ರೆ ರಜಾಯಿಗೆ ನೂಲು ಬಿಚ್ಚೋದೇ ಬೇಡ, ಎಳೆಗಳು ಒಂದಕ್ಕೊಂದು ಹೆಣ್ಕೊಂಡಿದ್ರೇನೇ ಒಳ್ಳೇದು. ಅವತ್ತು ನನ್ನ ತಂಗಿ ಹೇಳಿದ ಮಾತು ಉಳಿದ ಪ್ರಯಾಣಕ್ಕೆಲ್ಲ ದಾರಿ ತೋರಿಸ್ತು. ಅಕ್ಕ, ಇಲ್ಲಿ ಮಾರೋ ಅರ್ಧ ಸಾಮಾನು ನಮಗೆ ಮುಂಚೇನೇ ಗೊತ್ತಿರೋದು ಕಣೇ, ನಾವು ಕೈಯಲ್ಲಿ ಮುಟ್ಟಿ ಮೂಗಲ್ಲಿ ನೋಡಿ ತಗೊಳೋಣ ಅಂದ್ಳು.

ನಾವಿಬ್ಬರೇ ಹೋಗಿದ್ದು, ನವೆಂಬರ್‌ನಲ್ಲಿ, ಒಟ್ಟು 11 ದಿನ. ಬೀಜಿಂಗ್, ಸೂಝೌ, ಹಾಂಗ್‌ಝೌ, ಜಿಂಗ್ದೇಜೆನ್. ನೀವು ಹೋಗೋದಾದ್ರೆ ಅಕ್ಟೋಬರ್ ಮೊದಲ ವಾರ ಮಾತ್ರ ಬೇಡ, ಅವರ ರಾಷ್ಟ್ರೀಯ ರಜೆ, ಇಡೀ ದೇಶವೇ ಟ್ರೈನ್‌ನಲ್ಲಿರುತ್ತೆ, ಟಿಕೆಟ್ ಸಿಗಲ್ಲ. ಟ್ರೈನ್‌ಗೆ ಪಾಸ್‌ಪೋರ್ಟೇ ಟಿಕೆಟ್, ಅದನ್ನ ಸೂಟ್‌ಕೇಸ್ ತಳದಲ್ಲಿ ಇಟ್ಕೋಬೇಡಿ.

ದುಡ್ಡಿನ ವಿಷಯ ಮೊದಲು ಮುಗಿಸ್ತೀನಿ. ಅಲ್ಲಿ ಬೀದಿ ಬದಿ ಕಡಲೇಕಾಯಿ ಮಾರೋರಿಗೂ ಕ್ಯೂಆರ್ ಕೋಡೇ. ಊರಲ್ಲಿರೋವಾಗಲೇ ಅಲಿಪೇ ಅನ್ನೋ ಪೇಮೆಂಟ್ ಆ್ಯಪ್ ಡೌನ್‌ಲೋಡ್ ಮಾಡಿ, ಪಾಸ್‌ಪೋರ್ಟ್ ವೆರಿಫೈ ಮಾಡಿಸಿ, ನಿಮ್ಮ ವೀಸಾ ಕಾರ್ಡ್ ಇಲ್ಲಾ ಮಾಸ್ಟರ್ ಕಾರ್ಡ್ ಸೇರಿಸ್ಕೊಳಿ, ಬ್ಯಾಂಕ್ ಆ್ಯಪಲ್ಲಿ ಇಂಟರ್‌ನ್ಯಾಷನಲ್ ಟ್ರಾನ್ಸಾಕ್ಷನ್ ಆನ್ ಮಾಡಿ. ನಾವು ಹೋದಾಗ ವಿದೇಶಿ ಕಾರ್ಡಿಗೆ 200 ಯುವಾನ್ ಒಳಗಿನ ಒಂದು ಪೇಮೆಂಟ್‌ಗೆ ಅಲಿಪೇ ಫೀಸ್ ಇರ್ಲಿಲ್ಲ, ಅದಕ್ಕಿಂತ ಜಾಸ್ತಿ ಆದ್ರೆ 3 ಪರ್ಸೆಂಟ್. ಹಾಗಾಗಿ ಸಣ್ಣ ಸಣ್ಣ ಸಾಮಾನನ್ನ ಬೇರೆ ಬೇರೆಯಾಗಿ ಕಟ್ಟಿದ್ರೆ ಉಳಿತಾಯ. ನಾವು ಹೋದಾಗ ಯುವಾನ್‌ಗೆ ಹೆಚ್ಚುಕಮ್ಮಿ 12 ರೂಪಾಯಿ ಅಂತ ಲೆಕ್ಕ ಇಟ್ಕೊಂಡಿದ್ವಿ. ಗೂಗಲ್, ವಾಟ್ಸಾಪ್ ಅಲ್ಲಿನ ನೆಟ್‌ನಲ್ಲಿ ಓಡಲ್ಲ, ಅನುವಾದದ ಆ್ಯಪಲ್ಲಿ ಚೈನೀಸ್ ಆಫ್‌ಲೈನ್ ಹಾಕ್ಕೊಂಡೇ ಹೋಗಿ.

ಚೌಕಾಸಿಗೆ ಎರಡು ವಿಷಯ ತುಂಬ ಉಪಯೋಗಕ್ಕೆ ಬಂತು. ಒಂದು, ಅವರು ಒಂದೇ ಕೈಯಲ್ಲಿ ಹತ್ತರ ತನಕ ತೋರಿಸ್ತಾರೆ, ಹೆಬ್ಬೆರಳು ಕಿರುಬೆರಳು ಚಾಚಿದ್ರೆ 6, ಹೆಬ್ಬೆರಳು ತೋರುಬೆರಳು ಬಿಡಿಸಿದ್ರೆ 8, ಇದನ್ನ ನಾವು 2 ಅಂತ ತಿಳ್ಕೊಂಡು ಬೀಜಿಂಗ್‌ನಲ್ಲಿ ಒಬ್ಬ ಅಜ್ಜನ ಹತ್ರ ಸುಮಾರು ಹೊತ್ತು ಸುಮ್ನೆ ವಾದ ಮಾಡಿದ್ವಿ. ಇನ್ನೊಂದು, ಅಂಗಡಿ ಬೋರ್ಡಲ್ಲಿ 8 ಅಂತ ಬರೆದು ಪಕ್ಕದಲ್ಲಿ ಚೈನೀಸ್ ಅಕ್ಷರ 折 ಇದ್ರೆ 80 ಪರ್ಸೆಂಟ್ ಡಿಸ್ಕೌಂಟ್ ಅಲ್ಲ, ಬೆಲೆಯ 80 ಪರ್ಸೆಂಟ್ ನೀವು ಕೊಡ್ಬೇಕು ಅಂತ. ಸಂಖ್ಯೆ ಕಮ್ಮಿ ಇದ್ದಷ್ಟೂ ನಿಮಗೆ ಲಾಭ.

ಬೀಜಿಂಗ್‌ನಲ್ಲಿ ಪಾನ್‌ಜಿಯಾಯುವಾನ್ ಮಾರ್ಕೆಟ್‌ಗೆ ಶನಿವಾರ ಇಲ್ಲಾ ಭಾನುವಾರ ಬೆಳ್ಳಂಬೆಳಗ್ಗೆ ಹೋಗಿ, ಮೆಟ್ರೋ 10ನೇ ಲೈನಲ್ಲಿ ಅದೇ ಹೆಸರಿನ ಸ್ಟೇಷನ್ ಇದೆ. ನೆಲದ ಮೇಲೆ ಬಟ್ಟೆ ಹಾಸ್ಕೊಂಡು ಸಾಲುಸಾಲಾಗಿ ಕೂತಿರ್ತಾರೆ, ಬ್ರಷ್ಷು, ಹಳೇ ನಾಣ್ಯ, ಹಿತ್ತಾಳೆ ಬುದ್ಧ, ಮಣಿಸರ, ಮಾವೋ ಕಾಲದ ಪೋಸ್ಟರ್, ಏನುಂಟು ಏನಿಲ್ಲ. ನೋಡಕ್ಕೆ ಹಬ್ಬ. ಆದ್ರೆ ಇಲ್ಲಿ ಪುರಾತನ ಅಂತ ಹೇಳಿದ್ದನ್ನ ಪುರಾತನದ ಬೆಲೆ ಕೊಟ್ಟು ತಗೋಬೇಡಿ. ಬಹುಪಾಲು ಹೊಸದಾಗಿ ಮಾಡಿ ಹಳೇದರ ಥರ ಕಾಣಿಸಿದ್ದು, ಅದೃಷ್ಟಕ್ಕೆ ನಿಜವಾಗ್ಲೂ ಹಳೇದೇ ಸಿಕ್ತು ಅಂದ್ಕೊಳಿ, ಆಗ ಇನ್ನೂ ಕಷ್ಟ, 1911ಕ್ಕಿಂತ ಹಳೆಯ ಕಲಾವಸ್ತುಗಳನ್ನ ಆ ದೇಶದಿಂದ ಹೊರಗೆ ತರೋ ಹಾಗಿಲ್ಲ, ಆಮೇಲಿಂದ 1949ರ ತನಕದ ವಸ್ತುಗಳಿಗೂ ನಿರ್ಬಂಧ ಇದೆ, ಸರ್ಕಾರಿ ಪರಿಶೀಲನೆ ಬೇಕು. ಹೊಸದನ್ನ ಹೊಸದು ಅಂತಲೇ ತಗೊಳಿ, ಚೆನ್ನಾಗಿದೆ ಅನ್ನೋ ಕಾರಣಕ್ಕೆ. ಆನೆದಂತದ್ದು ಅಂತ ಯಾರಾದ್ರೂ ಗುಟ್ಟಾಗಿ ತೋರಿಸಿದ್ರೆ ಅಲ್ಲಿಂದ ಹೊರಟುಬಿಡಿ, ಚೀನಾ 2017ರ ಕೊನೆಗೆ ದಂತದ ವ್ಯಾಪಾರ ನಿಲ್ಲಿಸಿದೆ, ನಮ್ಮಲ್ಲೂ ತರೋ ಹಾಗಿಲ್ಲ.

ಬೀಜಿಂಗ್‌ದೇ ಅನ್ನೋ ಕಲೆ ಬೇಕಾದ್ರೆ ಜಿಂಗ್‌ತಾಯ್‌ಲಾನ್ ನೋಡಿ. ತಾಮ್ರದ ಹೂಜಿ ಮೇಲೆ ಚಪ್ಪಟೆ ತಾಮ್ರದ ತಂತಿಯಲ್ಲಿ ಹೂಬಳ್ಳಿ ಅಂಟಿಸಿ, ತಂತಿಗಳ ನಡುವಿನ ಒಂದೊಂದು ಖಾನೆಯೊಳಗೂ ಬಣ್ಣದ ಗಾಜಿನ ಪುಡಿ ತುಂಬಿ, ಸುಟ್ಟು, ಪುಡಿ ಕುಗ್ಗಿದ ಮೇಲೆ ಮತ್ತೆ ತುಂಬಿ ಮತ್ತೆ ಸುಟ್ಟು, ಆಮೇಲೆ ಉಜ್ಜಿ ಚಿನ್ನದ ನೀರು ಹಾಕ್ತಾರೆ. ಜೈಪುರದ ಮೀನಾಕಾರಿ ನೋಡಿದೋರಿಗೆ ತಕ್ಷಣ ಮನಸ್ಸಿಗೆ ಹತ್ತುತ್ತೆ. ಹೆಸರು 15ನೇ ಶತಮಾನದ ಮಿಂಗ್ ವಂಶದ ದೊರೆ ಜಿಂಗ್‌ತಾಯ್‌ನಿಂದ ಬಂದಿದ್ದು, ಲಾನ್ ಅಂದ್ರೆ ನೀಲಿ. ಕೈಯಲ್ಲಿ ಹಿಡ್ಕೊಂಡ್ರೆ ಭಾರ ಇರ್ಬೇಕು, ಬೆರಳಾಡಿಸಿದ್ರೆ ತಂತಿ ಮತ್ತು ಬಣ್ಣ ಒಂದೇ ಮಟ್ಟದಲ್ಲಿ ನುಣ್ಣಗಿರ್ಬೇಕು, ಬಣ್ಣದಲ್ಲಿ ಸೂಜಿ ತೂತುಗಳು ಕಮ್ಮಿ ಇರ್ಬೇಕು. ಲಿಯುಲಿಚಾಂಗ್ ಬೀದಿಗೂ ಹೋಗಿ, ಬ್ರಷ್, ಮಸಿ, ಕಾಗದದ ಅಂಗಡಿಗಳು. ಅಲ್ಲಿರೋ ರೋಂಗ್‌ಬಾವ್‌ಝಾಯ್ ಅಂಗಡಿಯ ಬೇರು 1672ಕ್ಕೆ ಹೋಗುತ್ತೆ, ಈಗಿನ ಹೆಸರು 1894ರಿಂದ, ಮರದಚ್ಚಿನ ಚಿತ್ರಗಳಿಗೆ ಹೆಸರುವಾಸಿ. ಸಣ್ಣ ಅಚ್ಚಿನ ಪತ್ರದ ಕಾಗದ ತಗೊಂಡ್ರೆ ಹಗುರ, ಬೆಲೆಯೂ ತಡೆಯೋವಷ್ಟು.

ಹಾಂ, ಬೀಜಿಂಗ್, ಶಾಂಘೈನ ಪ್ರವಾಸಿ ಜಾಗಗಳಲ್ಲಿ ಚೆನ್ನಾಗಿ ಇಂಗ್ಲಿಷ್ ಮಾತಾಡೋ ಹುಡುಗ ಹುಡುಗಿಯರು ಬಂದು ಟೀ ಕುಡಿಯೋಣ ಬನ್ನಿ, ನಮ್ಮ ಚಿತ್ರಪ್ರದರ್ಶನ ನೋಡಿ ಬನ್ನಿ ಅಂತ ಕರೆದ್ರೆ ನಗುನಗುತ್ತಾ ಬೇಡ ಅನ್ನಿ. ಟೀ ಬಿಲ್ ಸಾವಿರಾರು ಯುವಾನ್ ಬರೋ ಹಳೇ ಮೋಸ ಅದು.

ಈಗ ಸೂಝೌ. ಶಾಂಘೈಯಿಂದ ಹೈಸ್ಪೀಡ್ ಟ್ರೈನಲ್ಲಿ ಅರ್ಧ ಗಂಟೆ. ಮೊದಲ ದಿನ ಏನೂ ತಗೋಬೇಡಿ, ರೇಷ್ಮೆ ಮ್ಯೂಸಿಯಂಗೆ ಹೋಗಿ ಮಗ್ಗಗಳನ್ನ ನೋಡಿ. ರಜಾಯಿ ತಗೊಳೋವಾಗ ಹೊರಬಟ್ಟೆಯ ಹೊಳಪಿಗೆ ಮರುಳಾಗ್ಬೇಡಿ, ಅಂಚಲ್ಲಿ ಒಂದು ಸಣ್ಣ ಜಿಪ್ ಇರುತ್ತೆ, ತೆಗೆದು ಒಳಗಿನ ರೇಷ್ಮೆ ಮುಟ್ಟಿ ಎಳೆದು ನೋಡಿ, ಉದ್ದ ಎಳೆ ಆದ್ರೆ ಎಳೆದಷ್ಟೂ ಬರುತ್ತೆ, ತುಂಡು ಎಳೆ ಆದ್ರೆ ಹತ್ತಿ ಥರ ಕಿತ್ತು ಬರುತ್ತೆ. ತೂಕ ಜಿನ್ ಲೆಕ್ಕದಲ್ಲಿ, 1 ಜಿನ್ ಅಂದ್ರೆ ಅರ್ಧ ಕೆಜಿ. ಬೆಂಗಳೂರಿನ ಚಳಿಗೆ 2 ಜಿನ್ ಸಾಕು, ಅವರು 4 ಜಿನ್‌ದು ತೋರಿಸ್ತಾರೆ, ಅದು ಅವರ ಚಳಿಗಾಲಕ್ಕೆ. ನಾವು 2 ಜಿನ್‌ದು 680 ಯುವಾನ್‌ಗೆ ತಗೊಂಡ್ವಿ, ಗಾಳಿ ತೆಗೆದು ದಿಂಬಿನಷ್ಟು ಮಾಡಿ ಕೊಟ್ರು. ರೇಷ್ಮೆ ಬಟ್ಟೆಗೆ ನಮ್ಮೂರ ಪರೀಕ್ಷೆಯೇ, ಒಂದೆಳೆ ಸುಟ್ರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಪುಡಿ ಆಗ್ಬೇಕು, ಪಾಲಿಯೆಸ್ಟರ್ ಆದ್ರೆ ಕರಗಿ ಗಟ್ಟಿ ಮಣಿ ಆಗುತ್ತೆ. ಅಂಗಡಿಯವರೇ ಸುಟ್ಟು ತೋರಿಸಿದ್ರೆ, ನೀವು ತಗೊಳೋ ಪೀಸಿಂದಲೇ ಎಳೆ ತೆಗೀರಿ ಅಂತ ಕೇಳಿ.

ಕಸೂತಿಗೆ ತಾಯ್‌ಹು ಕೆರೆ ಪಕ್ಕದ ಝೆನ್‌ಹು ಅನ್ನೋ ಊರಿಗೆ ಹೋಗಿ, ಸಿಟಿಯಿಂದ ದೂರ, ಅರ್ಧ ದಿನ ಬೇಕು, ಆದ್ರೂ ಬಿಡ್ಬೇಡಿ. ಬೀದಿ ಉದ್ದಕ್ಕೂ ಕಸೂತಿ ಮನೆಗಳು, ಕಿಟಕಿ ಹತ್ರ ಚೌಕಟ್ಟು ಹಾಕ್ಕೊಂಡು ಹೆಂಗಸರು ಕೆಲಸ ಮಾಡ್ತಿರ್ತಾರೆ. ಒಂದು ರೇಷ್ಮೆ ದಾರವನ್ನ ಉಗುರಲ್ಲಿ ಎರಡು, ನಾಲ್ಕು, ಎಂಟು, ಹದಿನಾರು ಸೀಳು ಮಾಡಿ ಆ ಒಂದು ಸೀಳಲ್ಲಿ ಬೆಕ್ಕಿನ ಮೀಸೆ ಹೊಲೀತಾರೆ. ಎರಡು ಬದಿಯ ಕಸೂತಿ ಅಂತ ಇದೆ, ಮುಂದೆ ನೋಡಿದ್ರೂ ಹಿಂದೆ ನೋಡಿದ್ರೂ ಅದೇ ಬೆಕ್ಕು, ಗಂಟು ಎಲ್ಲಿದೆ ಅಂತ ಹುಡುಕಿದ್ರೂ ಕಾಣಲ್ಲ. ನಾನು ಒಬ್ಬರ ಪಕ್ಕ ಮುಕ್ಕಾಲು ಗಂಟೆ ನಿಂತಿದ್ದೆ, ಅಷ್ಟರಲ್ಲಿ ಬೆಕ್ಕಿನ ಕಿವಿಯ ಒಂದು ಅಂಚು ಅಷ್ಟೇ ಆಗಿತ್ತು. ಇದನ್ನ ನೋಡಿದ ಮೇಲೆ ಅಲ್ಲಿ ಚೌಕಾಸಿ ಮಾಡಕ್ಕೆ ನನಗೆ ಮನಸ್ಸು ಬರ್ಲಿಲ್ಲ. ಯಂತ್ರದ್ದನ್ನ ಗುರುತಿಸೋದು ಕಷ್ಟ ಇಲ್ಲ, ಹೊಲಿಗೆ ಎಲ್ಲ ಒಂದೇ ಅಳತೆ, ಹಿಂದೆ ತಿರುಗಿಸಿದ್ರೆ ಬಾಬಿನ್ ದಾರ ಬೇರೆ ಬಣ್ಣದಲ್ಲಿ ಓಡಿರುತ್ತೆ. ಕೈಯದ್ದರಲ್ಲಿ ಹೊಲಿಗೆ ರೋಮ ಹೋದ ದಿಕ್ಕಿಗೇ ಹೋಗಿರುತ್ತೆ.

ಇನ್ನು ಗಂಧದ ಬೀಸಣಿಗೆ, ಇದು ನನಗೆ ಬೇಜಾರಾದ ವಿಷಯ. ಸೂಝೌ ಗಂಧದ ಬೀಸಣಿಗೆಗೆ ಹಳೇ ಹೆಸರಿದೆ, ಬಟ್ಟೆ ಕಾಗದ ಏನೂ ಇಲ್ಲದೆ ಬರೀ ತೆಳು ಮರದ ಪಟ್ಟಿಗಳಲ್ಲೇ ಜಾಲರಿ ಕೊರೆದು ಮಾಡೋದು. ಅವರು ಅತಿ ಉತ್ತಮ ಅಂತ ಕರೆಯೋ ಲಾವ್‌ಶಾನ್ ಗಂಧ ಅಂದ್ರೆ ಭಾರತದ್ದು, ನಮ್ಮ ಮೈಸೂರು ಸೀಮೆಯ ಶ್ರೀಗಂಧ. ಅದು ಗೊತ್ತಾದಾಗ ಮೈ ಜುಮ್ಮಂತು, ಆ ಖುಷೀಲೇ ಪ್ರವಾಸಿಗರ ಬೀದಿಯ ಒಂದು ಅಂಗಡೀಲಿ ಅಮ್ಮಂಗೆ ಅಂತ 120 ಯುವಾನ್ ಕೊಟ್ಟು ತಗೊಂಡೆ. ಮೂಗಿಗೆ ರಪ್ ಅಂತ ಹೊಡೆಯೋ ವಾಸನೆ ಇತ್ತು, ಆಗಲೇ ಅನುಮಾನ ಬರ್ಬೇಕಿತ್ತು, ನಿಜವಾದ ಶ್ರೀಗಂಧ ಎಲ್ಲಾದ್ರೂ ಹಾಗೆ ಹೊಡೆಯುತ್ತಾ, ಅದು ಮೆತ್ತಗೆ ಬಂದು ಉಳ್ಕೊಳುತ್ತೆ. ಮೂರೇ ದಿನಕ್ಕೆ ವಾಸನೆ ಪೂರ್ತಿ ಹೋಯ್ತು, ಬೇರೆ ಯಾವುದೋ ಮರಕ್ಕೆ ಸೆಂಟು ಹಾಕಿದ್ದು. ಶ್ರೀಗಂಧ ಅಲ್ಲಿ ತುಂಬ ದುಬಾರಿ, 120 ಯುವಾನ್‌ಗೆ ಪೂರ್ತಿ ಬೀಸಣಿಗೆ ಬರೋ ಮಾತೇ ಇಲ್ಲ. ದೇವರ ಮನೇಲಿ ಗಂಧ ತೇಯ್ದ ಕೈ ನಮ್ಮದು, ಅಂಗಡಿ ಹೊರಗೆ ಗಾಳಿಗೆ ತಂದು ಎರಡು ನಿಮಿಷ ಬಿಟ್ಟು ಮತ್ತೆ ಮೂಸಿ ನೋಡಿ. ಕೆತ್ತನೆ ಇಷ್ಟ ಆದ್ರೆ ಸಾಮಾನ್ಯ ಮರದ್ದು ಅಂತಲೇ 30, 40 ಯುವಾನ್‌ಗೆ ತಗೊಳಿ, ತಪ್ಪಿಲ್ಲ.

ಹಾಂಗ್‌ಝೌನಲ್ಲಿ ಲಾಂಗ್‌ಜಿಂಗ್ ಟೀ. ಎಲ್ಲಕ್ಕಿಂತ ಬೆಲೆಬಾಳೋದು ಏಪ್ರಿಲ್ 5ರ ಆಸುಪಾಸಿಗೆ ಬರೋ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಕಿತ್ತ ಚಿಗುರು. ನವೆಂಬರ್‌ನಲ್ಲಿ ಈಗ ತಾನೇ ಕಿತ್ತಿದ್ದು ಅಂತ ಹೇಳಿದ್ರೆ ನಂಬ್ಬೇಡಿ, ಆ ವರ್ಷದ ವಸಂತದ್ದು, ತಂಪಲ್ಲಿ ಇಟ್ಟಿದ್ದು ಅಂದ್ರೆ ಸರಿ. ಹಾಲು ಸಕ್ಕರೆ ಹಾಕೋ ಟೀ ಅಲ್ಲ ಇದು, ನಿಮ್ಮನೇಲಿ ಯಾರೂ ಹಸಿರು ಟೀ ಕುಡಿಯಲ್ಲ ಅಂದ್ರೆ 50 ಗ್ರಾಂ ಸಾಕು.

ಅಲ್ಲಿ ನಾವು ತಗೊಂಡಿದ್ದರಲ್ಲಿ ನನಗೆ ತುಂಬ ಪ್ರೀತಿಯದ್ದು ಕಲ್ಲಿನ ಮುದ್ರೆ. ಪಶ್ಚಿಮ ಸರೋವರದ ಗೂಶಾನ್ ದ್ವೀಪದಲ್ಲಿ 1904ರಲ್ಲಿ ಶುರುವಾದ ಶೀಲಿಂಗ್ ಮುದ್ರೆ ಕೆತ್ತನೆಗಾರರ ಸಂಘ ಇದೆ, ಊರಲ್ಲಿ ಮುದ್ರೆ ಕೆತ್ತೋ ಅಂಗಡಿಗಳು ಬೇಕಾದಷ್ಟು. ಎಲ್ಲರೂ ತಮ್ಮ ಹೆಸರನ್ನ ಚೈನೀಸಲ್ಲಿ ಮಾಡಿಸ್ತಾರೆ, ನಾವು ಕನ್ನಡದಲ್ಲಿ ಅಮ್ಮ ಅಂತ ದೊಡ್ಡದಾಗಿ ಬರೆದು ಕೊಟ್ವಿ. ಕೆತ್ತೋರು ವಯಸ್ಸಾದವರು, ಕನ್ನಡಕ ಏರಿಸ್ಕೊಂಡು ಆ ಮ ಒತ್ತನ್ನ ಬೆರಳಲ್ಲಿ ಗಾಳೀಲಿ ನಾಲ್ಕು ಸಲ ಬರೆದು ನೋಡಿದ್ರು, ಆಮೇಲೆ ಕಲ್ಲಿನ ಮೇಲೆ ಮಸಿಯಲ್ಲಿ ಉಲ್ಟಾ ಬರೆದು ಕನ್ನಡಿ ಹಿಡಿದು ಸರೀನಾ ಅಂತ ಕೇಳಿದ್ರು. ಈ ಹಂತದಲ್ಲಿ ಚೆನ್ನಾಗಿ ನೋಡ್ಕೊಳಿ, ಉಳಿ ಬಿದ್ದ ಮೇಲೆ ತಿದ್ದಕ್ಕಾಗಲ್ಲ. ಅಕ್ಷರ ಮನೇಲೇ ದೊಡ್ಡದಾಗಿ ಪ್ರಿಂಟ್ ತೆಗೆದು ಒಯ್ದರೆ ಒಳ್ಳೇದು, ಅವರಿಗೆ ಯಾವ ಗೆರೆ ಎಲ್ಲಿ ಮುಗಿಯುತ್ತೆ ಅಂತ ಸ್ಪಷ್ಟ ಆಗುತ್ತೆ. ಜೊತೆಗೆ ಬರೋ ಕೆಂಪು ಮುದ್ರೆ ಬಣ್ಣದಲ್ಲಿ ಇಂಗಲೀಕ ಇರಬಹುದು, ಪಾದರಸದ್ದು, ಮಕ್ಕಳ ಕೈಗೆ ಕೊಡ್ಬೇಡಿ.

ಜಿಂಗ್ದೇಜೆನ್ ಪಿಂಗಾಣಿ ಊರು, ಅರಮನೆಗೆ ಪಾತ್ರೆ ಹೋಗ್ತಿದ್ದ ಜಾಗ. ಪಿಂಗಾಣಿಗೆ ಹಾಕೋ ಕೇಯೋಲಿನ್ ಮಣ್ಣಿಗೆ ಆ ಹೆಸರು ಬಂದಿದ್ದೇ ಪಕ್ಕದ ಗಾವೋಲಿಂಗ್ ಹಳ್ಳಿಯಿಂದ. ಹಾಂಗ್‌ಝೌನಿಂದ ನೇರ ಹೈಸ್ಪೀಡ್ ಟ್ರೈನ್ ಇದೆ. ವಾರದ ಕೊನೆಗೆ ಸರಿಹೋಗೋ ಹಾಗೆ ಪ್ಲಾನ್ ಮಾಡಿ, ತಾವ್‌ಶಿಚುವಾನ್ ಅನ್ನೋ ಹಳೇ ಪಿಂಗಾಣಿ ಫ್ಯಾಕ್ಟರಿ ಆವರಣದಲ್ಲಿ ಸಂತೆ ಆಗುತ್ತೆ, ಕಾಲೇಜು ಮುಗಿಸಿದ ಹುಡುಗರು ತಾವೇ ಮಾಡಿದ ಬಟ್ಟಲುಗಳನ್ನ ಇಟ್ಕೊಂಡು ಕೂತಿರ್ತಾರೆ, ಮಾಡಿದವರ ಕೈಯಿಂದಲೇ ತಗೊಳೋ ಸಂತೋಷ ಬೇರೇನೇ. ಬಟ್ಟಲನ್ನ ಬೆಳಕಿಗೆ ಹಿಡಿದು ಹಿಂದೆ ಬೆರಳಿಡಿ, ತೆಳು ಪಿಂಗಾಣಿ ಆದ್ರೆ ನೆರಳು ಕಾಣುತ್ತೆ. ಉಗುರಲ್ಲಿ ತಟ್ಟಿದ್ರೆ ಗಂಟೆ ಥರ ದನಿ ಉಳೀಬೇಕು, ಬಿರುಕಿದ್ರೆ ಟಪ್ ಅಂತ ಸಾಯುತ್ತೆ. ಚಿತ್ರ ಸ್ಟಿಕ್ಕರ್ ಅಚ್ಚಾದ್ರೆ ಎರಡು ಬಟ್ಟಲು ಅಕ್ಕಪಕ್ಕ ಇಟ್ಟಾಗ ಎಲೆ ಎಲೆಗೂ ಒಂದೇ, ಕುಂಚದ್ದಾದ್ರೆ ನೀಲಿ ಒಂದು ಕಡೆ ಗಾಢ ಒಂದು ಕಡೆ ತೆಳು. ತಳದಲ್ಲಿ ಮಿಂಗ್ ದೊರೆಯ ಹೆಸರಿನ ಆರು ಅಕ್ಷರ ಇದ್ದ ಮಾತ್ರಕ್ಕೆ ಮಿಂಗ್ ಕಾಲದ್ದಲ್ಲ, ಹಳೇ ಗುರುತನ್ನ ಹೊಸ ಪಾತ್ರೆಗೆ ಹಾಕೋದು ನೂರಾರು ವರ್ಷದ ರೂಢಿ.

ಜೇಡ್ ಅನ್ನೋ ಒಡವೆ ಕಲ್ಲಿನ ಬಗ್ಗೆ ಒಂದೇ ಮಾತು, ಗೊತ್ತಿಲ್ಲದೆ ದೊಡ್ಡ ದುಡ್ಡು ಹಾಕ್ಬೇಡಿ, ಆಸಿಡ್ ಹಾಕಿ ರಾಳ ತುಂಬಿ ಬಣ್ಣ ಏರಿಸಿದ್ದು ಬರೀ ಕಣ್ಣಿಗೆ ಗೊತ್ತಾಗಲ್ಲ. ಹತ್ತು ಜನಕ್ಕೆ ಹಂಚಕ್ಕೆ ಏನಾದ್ರೂ ಬೇಕಾದ್ರೆ ಕೆಂಪು ಕಾಗದ ಕತ್ತರಿಸಿ ಮಾಡಿದ ಚಿತ್ರ ತಗೊಳಿ, ಪುಸ್ತಕದ ಮಧ್ಯೆ ಇಟ್ಕೊಂಡು ಬರಬಹುದು.

ಪ್ಯಾಕಿಂಗ್‌ಗೆ ನಾವು ಮಾಡಿದ್ದು, ಪಿಂಗಾಣಿ ಒಳಗೆ ಸಾಕ್ಸ್ ತುರುಕಿ, ಒಂದೊಂದನ್ನೂ ಬಬಲ್ ಶೀಟಲ್ಲಿ ಸುತ್ತಿ, ರಜಾಯಿ ಮಧ್ಯೆ ಇಟ್ಟು ಹ್ಯಾಂಡ್ ಲಗೇಜಲ್ಲೇ ತಂದ್ವಿ. ಕತ್ತರಿ, ಚಾಕು ಟ್ರೈನ್ ಚೆಕಿಂಗ್‌ನಲ್ಲೂ ತೆಗೆದಿಟ್ಕೊಳ್ತಾರೆ, ತಗೊಳೋದಿದ್ರೆ ಕೊನೇ ಊರಲ್ಲಿ ತಗೊಂಡು ಚೆಕಿನ್ ಬ್ಯಾಗಿಗೆ ಹಾಕಿ. ಚೀನಾ ಒಳಗಿನ ವಿಮಾನದಲ್ಲಿ 2025ರ ಜೂನ್ 28ರಿಂದ 3ಸಿ ಅನ್ನೋ ಚೀನಾದ ಸುರಕ್ಷತಾ ಗುರುತಿಲ್ಲದ ಪವರ್ ಬ್ಯಾಂಕ್ ಒಯ್ಯೋ ಹಾಗಿಲ್ಲ, ನಮ್ಮೂರಲ್ಲಿ ತಗೊಂಡಿದ್ದರ ಮೇಲೆ ಆ ಗುರುತು ಇದ್ಯಾ ಅಂತ ಹೊರಡೋ ಮುಂಚೆ ನೋಡಿ. ಬಿಲ್ ಎಲ್ಲ ಒಂದು ಕವರಲ್ಲಿ ಇಟ್ಕೊಳಿ, ಇಲ್ಲಿ ಕಸ್ಟಮ್ಸ್‌ನಲ್ಲಿ ಕೇಳಿದ್ರೆ ಬೇಕಾಗುತ್ತೆ.

ಅಜ್ಜಿ ರಜಾಯಿ ಜಿಪ್ ತೆಗೆದು ಒಳಗೆ ಎರಡು ಬೆರಳು ಹಾಕಿ ಎಳೆದು ನೋಡಿದ್ರು, ಡಬಲ್ ಗೂಡಿಂದು ಅಂತ ನಾನು ಹೇಳೋ ಮುಂಚೇನೇ ಗುರುತು ಹಿಡಿದ್ರು. ಎಷ್ಟು ಗೂಡು ಬೇಕಾಗುತ್ತೆ ಇದಕ್ಕೆ, ಹೆಂಗೆ ಎಳೀತಾರೆ ಅಂತ ಕೇಳಿದ್ರು, ನಾನು ತೆಗೆದ ವಿಡಿಯೋ ತೋರಿಸಿದೆ, ಮೂರು ಸಲ ಹಾಕಿಸ್ಕೊಂಡು ನೋಡಿದ್ರು.