ಒಂದು ಹೊಂಡಕ್ಕ 1000 ಮೀನಿನ ಮರಿ, ಇನ್ನೊಂದಕ್ಕ 2000: ಆರು ತಿಂಗಳ ಲೆಕ್ಕ

ಶಹಾಪುರ ಕಡಿ ನಮ್ಮ ಹೊಲದಾಗ ಎರಡು ಹೊಂಡ ಅದಾವ, ಎರಡೂ 20 ಗುಂಟಿ ಆಸುಪಾಸು, ನೀರು ನಾರಾಯಣಪುರ ಎಡದಂಡಿ ಕಾಲುವಿದು. ಆಗಸ್ಟ್‌ದಾಗ ಮೀನಿನ ಮರಿ ಬಿಡುವಾಗ ಮ್ಯಾಲಿನ ಹೊಂಡಕ್ಕ 1000, ಕೆಳಗಿಂದಕ್ಕ 2000 ಬಿಟ್ಟೀವಿ, ಅಂದ್ರ ಹೆಕ್ಟೇರಿಗಿ 5000 ಮತ್ತ 10,000 ಆಯ್ತು. ಎರಡರಾಗೂ ಕಾಟ್ಲಾ 40, ರೋಹು 30, ಮೃಗಾಲ್ 30 ಪರ್ಸೆಂಟ್.

ಈ ವಾರ ಬಲಿ ಎಳದು ತೂಕ ಹಾಕಿದ್ವಿ. ಮ್ಯಾಲಿನ ಹೊಂಡದಾಗ ಸರಾಸರಿ 600 ಗ್ರಾಂ ಬಂತು, ಕೆಳಗಿಂದರಾಗ 350. ನೂರಕ್ಕ 80 ಮರಿ ಉಳದಾವ ಅಂತ ಹಿಡದ್ರ ಮ್ಯಾಲ 480 ಕೆಜಿ, ಕೆಳಗ 560 ಕೆಜಿ ಆಗ್ತದ. ಬರೀ ತೂಕ ನೋಡಿದವ್ರು ಕೆಳಗಿನ ಹೊಂಡಾನೇ ಛಲೋ ಅಂತಾರ, ನಮ್ಮ ತಮ್ಮನೂ ಹಂಗೇ ಅಂದ, ಆದ್ರ ಆ ಹೆಚ್ಚಿನ 80 ಕೆಜಿ ಸಲುವಾಗಿ ಮರಿ ರೊಕ್ಕ ಡಬಲ್ ಹೋಗ್ಯದ, ತೌಡು ಶೇಂಗಾ ಹಿಂಡಿ ಜಾಸ್ತಿ ಹೋಗ್ಯದ, ಅದರ ಮ್ಯಾಲ ಅರ್ಧ ಕೆಜಿ ಒಳಗಿನ ಮೀನಿಗಿ ವ್ಯಾಪಾರಿ ಕೆಜಿಗಿ 30-40 ರೂಪಾಯಿ ಕಡಿಮಿ ಹೇಳ್ಲತ್ತಾನ. ರೇಟ್ ನಿಂತಿರೋದು ಸೈಜಿನ ಮ್ಯಾಲ.

ಕೆಳಗಿನ ಹೊಂಡದಾಗ ಭಾಳ ಹಿಂದ ಬಿದ್ದದ್ದು ಕಾಟ್ಲಾ. ಅದು ನೀರಿನ ಮ್ಯಾಲ್ಭಾಗದಾಗಿನ ಸಣ್ಣ ಜೀವಿ ತಿಂದು ಬೆಳಿಯೋ ಮೀನು, ಹೊಂಡದಾಗ ತಾನಾಗೇ ಹುಟ್ಟೋ ಮೇವು ಇಷ್ಟೇ ಅಂತ ಇರ್ತದ, ಬಾಯಿ ಡಬಲ್ ಆದ್ರ ಪಾಲು ಅರ್ಧ ಆಗ್ತದ. ನಾವು ಹಾಕೋ ಹಿಂಡಿ ಸ್ವಲ್ಪ ತುಂಬಿಸ್ತದ ಖರೆ, ಆದ್ರ ಹಿಂಡಿ ಹೆಚ್ಚು ಹಾಕಿದಷ್ಟು ಉಳದಿದ್ದು ತಳಕ್ಕ ಕೊಳೀತದ, ಹೇಲೂ ಜಾಸ್ತಿ, ನೀರಾಗ ಅಮೋನಿಯಾ ಅನ್ನೋ ವಿಷ ಏರ್ತದ, ಆಮ್ಯಾಗ ಮೀನು ಮೇವೇ ಮುಟ್ಟಂಗಿಲ್ಲ.

ಆಕ್ಸಿಜನ್ ವಿಷಯಕ್ಕ ಮಾತ್ರ ನಂಗ ಖರೇನೇ ಚಿಂತಿ ಅದ. ಮೋಡ ಕವಿದ ಮರುದಿನ ನಸುಕಿನ್ಯಾಗ ಹೋಗಿ ನೋಡ್ರಿ, ಕೆಳಗಿನ ಹೊಂಡದ ಮೀನು ಮ್ಯಾಲ ಬಂದು ಬಾಯಿ ತಗದು ಉಸಿರಾಡ್ತಿರ್ತಾವ, ಯಾಕಂದ್ರ ರಾತ್ರಿ ಪಾಚಿನೂ ಆಕ್ಸಿಜನ್ ಎಳ್ಕೋತದ, ಹಗಲು ಬಿಸಲಿಲ್ಲಂದ್ರ ಮೊದ್ಲೇ ಕಡಿಮಿ ತಯಾರಾಗಿರ್ತದ. ಮ್ಯಾಲಿನ ಹೊಂಡದಾಗ ಹಂಗ ಕಾಣ್ಸಿಲ್ಲ. ಅಂಥಾ ದಿನ ಮುಂಜಾನಿ ಮೇವು ಬಂದ್ ಮಾಡಿ, ಪಂಪ್ ಹಚ್ಚಿ ನೀರು ಎತ್ತರದಿಂದ ಬೀಳಂಗ ಬಿಡ್ತೀವಿ. ಏರೇಟರ್ (ನೀರಿಗಿ ಗಾಳಿ ಬೆರಸೋ ಮಷೀನ್) ಇದ್ದವ್ರು ಹೆಕ್ಟೇರಿಗಿ 10,000 ಮರಿನೂ ಆರಾಮ ನಡಸಬಹುದು, ಆದ್ರ ನಮ್ಮ ಹೊಲಕ್ಕ ರಾತ್ರಿ ಕರೆಂಟ್ ನಂಬಂಗಿಲ್ರಿ.

ಬ್ಯಾಸಗಿ ಇನ್ನೂ ಗಟ್ಟಿ. ನೀರು ಕಾದಷ್ಟು ಆಕ್ಸಿಜನ್ ಹಿಡಿಯೋದು ಕಡಿಮಿ, ಏಪ್ರಿಲ್-ಮೇದಾಗ ನಮ್ಮ ಕಡಿ 42 ಡಿಗ್ರಿ ದಾಟ್ತದ, ಕಾಲುವಿ ಬಂದ್ ಆದ್ರ ಹೊಂಡ ಇಳೀತದ, ಅಷ್ಟೇ ಮೀನಿಗಿ ಜಾಗ ಸಣ್ಣಾಗ್ತದ. ಅದಕ್ಕ ಮಾರ್ಚ್‌ದಾಗ ಕೆಳಗಿನ ಹೊಂಡಕ್ಕ ದೊಡ್ಡ ಕಣ್ಣಿನ ಬಲಿ ಹಾಕಿ ಅರ್ಧ ಕೆಜಿ ದಾಟಿದ್ದನ್ನ ತಗದು ಮಾರ್ತೀವಿ, ಸಣ್ಣವು ಉಳೀತಾವ. ಮುಂದಿನ ಸಲ ಎರಡಕ್ಕೂ 1200ರ ಆಸುಪಾಸು ಬಿಡೋ ಯೋಚನಿ ಅದ, ಮ್ಯಾಲಿನ ಹೊಂಡದ ಕೊನಿ ತೂಕ ಬಂದ ಮ್ಯಾಲ ಪಕ್ಕಾ ಮಾಡ್ತೀನಿ.