ಪೆಸಿಫಿಕ್ ದ್ವೀಪಗಳ ಮೊದಲ ಜನ

ವನುವಾಟು, ಫಿಜಿ ಮತ್ತು ಟೋಂಗಾ ದ್ವೀಪಗಳಲ್ಲಿ ಸುಮಾರು 3000 ವರ್ಷಗಳ ಹಿಂದಿನವರೆಗೂ ಮನುಷ್ಯರ ಸುಳಿವಿರಲಿಲ್ಲ. ಕೆಸುವಿನ ಗೆಡ್ಡೆ, ಬಾಳೆಯ ಕಂದು, ಹಂದಿ, ಕೋಳಿಗಳನ್ನು ದೋಣಿಯಲ್ಲಿಟ್ಟುಕೊಂಡು, ದಡವೇ ಕಾಣದ ಕಡಲನ್ನು ದಾಟಿ ಅಲ್ಲಿಗೆ ಮೊದಲು ಬಂದವರು ಲಪಿಟಾ ಸಂಸ್ಕೃತಿಯ ಜನ.

ಅವರ ಮಡಕೆಗಳ ಚಿತ್ರಗಳನ್ನು ನೋಡುತ್ತಾ ಕುಳಿತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹಲ್ಲುಹಲ್ಲಾದ ಅಚ್ಚನ್ನು ಹಸಿಮಣ್ಣಿನ ಮೇಲೆ ಒತ್ತಿ, ಬರಿಯ ಚುಕ್ಕಿಸಾಲುಗಳಿಂದಲೇ ಕಣ್ಣು ಮೂಗುಗಳುಳ್ಳ ಮುಖಗಳನ್ನು ಮೂಡಿಸಿ, ಆಮೇಲೆ ಸುಡುತ್ತಿದ್ದರು. ಇಂತಹ ಮಡಕೆಗಳು ಬರಿಯ ಅಡುಗೆಗಾಗಿ ಇದ್ದವೆಂದು ನಾನು ನಂಬಲಾರೆ. ವನುವಾಟುವಿನ ಎಫಾಟೆ ದ್ವೀಪದ ತೆಯೂಮಾ ಸ್ಮಶಾನದಲ್ಲಿ ಅವು ಸತ್ತವರ ಜೊತೆಗೇ ದೊರೆತಿವೆ. ಅಲ್ಲಿ ಹೂಳಿದ ದೇಹ ಕರಗಿದ ಬಳಿಕ ಗೋರಿಯನ್ನು ಮತ್ತೆ ತೆರೆದು ತಲೆಬುರುಡೆಯನ್ನು ತೆಗೆಯುತ್ತಿದ್ದರು, ಕೆಲವೆಡೆ ಅದರ ಜಾಗದಲ್ಲಿ ಶಂಕುವಿನಾಕಾರದ ಕಡಲ ಚಿಪ್ಪಿನಿಂದ ಮಾಡಿದ ಬಳೆಗಳನ್ನು ಇಡುತ್ತಿದ್ದರು. ಒಂದು ಬುರುಡೆಯಂತೂ ಮಡಕೆಯೊಳಗೇ ಸಿಕ್ಕಿತು.

ತೆಯೂಮಾ ಮತ್ತು ಟೋಂಗಾದ ಪ್ರಾಚೀನ ಅಸ್ಥಿಗಳ ಡಿಎನ್‌ಎಯನ್ನು 2016ರಲ್ಲಿ ಪ್ರಕಟಿಸಿದಾಗ, ಅವರ ಮೂಲ ತೈವಾನ್ ಮತ್ತು ಉತ್ತರ ಫಿಲಿಪೈನ್ಸ್ ಕಡೆಯ ಜನರಿಗೆ ಹತ್ತಿರವೆಂದೂ, ದಾರಿಯಲ್ಲಿ ಸಿಗುವ ನ್ಯೂಗಿನಿಯ ಜನರ ಅಂಶ ಅವರಲ್ಲಿ ಬಹುತೇಕ ಇಲ್ಲವೆಂದೂ ತಿಳಿಯಿತು. ಇಂದಿನ ವನುವಾಟು ಜನರಲ್ಲಿ ಆ ಅಂಶವೇ ಹೆಚ್ಚು. ಅದು ಆಮೇಲಿನ ವಲಸೆಗಳಿಂದ ಬಂದದ್ದು.