ಮಿಸ್ಸಿಯ ಬುದ್ಧಿಗೆ ನಂಬರ್ ಇಲ್ಲ

ಬಿಗ್ ಬ್ಯಾಂಗ್ ಥಿಯರಿ ಅನ್ನುವ ಅಮೆರಿಕದ ಕಾಮಿಡಿ ಸೀರಿಯಲ್ಲಿನ ಬಗ್ಗೆ ಮಾತು ಬಂದರೆ ಸಾಕು, ಒಬ್ಬರಲ್ಲ ಒಬ್ಬರು ಐಕ್ಯೂದಿಂದಲೇ, ಅಂದರೆ ಬುದ್ಧಿ ಅಳೆಯುವ ನಂಬರ್‌ನಿಂದಲೇ, ಶುರು ಮಾಡುತ್ತಾರೆ. ಅದರಲ್ಲಿ ಶೆಲ್ಡನ್, ಲೆನಾರ್ಡ್ ಅಂತ ಇಬ್ಬರು ಭೌತವಿಜ್ಞಾನಿ ಗೆಳೆಯರು. ಶೆಲ್ಡನ್‌ದು 187, ಲೆನಾರ್ಡ್‌ದು 173. ಶೆಲ್ಡನ್ 11ನೇ ವಯಸ್ಸಿಗೆ ಕಾಲೇಜು ಸೇರಿದ, 16ಕ್ಕೆ ಪಿಎಚ್‌ಡಿ ಮುಗಿಸಿದ. ಲೆನಾರ್ಡ್ ಪಾಪ 24ರವರೆಗೆ ಕಾಯಬೇಕಾಯಿತು, ಅದಕ್ಕೂ ಅವನು ಮಾತು ಕೇಳಬೇಕು.

ಆ ನಂಬರ್‌ಗಳನ್ನು ತೀರಾ ತಲೆಗೆ ಹಚ್ಚಿಕೊಳ್ಳಬೇಡಿ. ದೊಡ್ಡವರಿಗೆ ಕೊಡುವ ಸಾಮಾನ್ಯ ಐಕ್ಯೂ ಪರೀಕ್ಷೆಯಲ್ಲಿ ಸರಾಸರಿ 100, ಮೇಲೆ 160ರ ಆಸುಪಾಸಿಗೆ ಅಳತೆಯೇ ಮುಗಿದುಹೋಗುತ್ತದೆ. 187 ಅಂದರೆ ಲೆಕ್ಕದ ಪ್ರಕಾರ ಹತ್ತಾರು ಕೋಟಿ ಜನರಲ್ಲಿ ಒಬ್ಬ. ಅಂಥವನ ಜೊತೆ ಬಾಡಿಗೆ ಹಂಚಿಕೊಳ್ಳುವವನು ಹತ್ತಾರು ಲಕ್ಷದಲ್ಲಿ ಒಬ್ಬ. ಇಬ್ಬರೂ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದ ಒಂದೇ ಮನೆಯಲ್ಲಿ, ಅದೂ ವರ್ಷಗಟ್ಟಲೆ ಲಿಫ್ಟ್ ಕೆಟ್ಟು ನಿಂತ ಬಿಲ್ಡಿಂಗಿನಲ್ಲಿ. ಸರಿ, ಕಾಮಿಡಿ ಅಲ್ವಾ, ಬಿಟ್ಟುಬಿಡೋಣ.

ನನಗೆ ಕುತೂಹಲ ಇರುವುದು ಬೇರೆ ವಿಷಯದಲ್ಲಿ. 2007ರಿಂದ 2019ರವರೆಗೆ 279 ಎಪಿಸೋಡ್ ಓಡಿದ ಈ ಸೀರಿಯಲ್ಲು, ಅದರ ಬೆನ್ನಿಗೆ ಬಂದ, ಶೆಲ್ಡನ್ ಬಾಲ್ಯದ ಕಥೆಯಾದ ಯಂಗ್ ಶೆಲ್ಡನ್ (2017ರಿಂದ 2024), ಎರಡನ್ನೂ ಸೇರಿಸಿ ನೋಡಿದರೆ ಇದು ಜಾಣರ ಕಥೆ ಅನ್ನಿಸುವುದಿಲ್ಲ. ಒಬ್ಬ ಜಾಣನನ್ನು ಬೆಳೆಸಲು ಮನೆಯವರೆಲ್ಲ ಏನೇನು ಖರ್ಚು ಮಾಡಿದರು ಅನ್ನುವ ಕಥೆ ಅನ್ನಿಸುತ್ತದೆ. ಖರ್ಚು ಅಂದರೆ ದುಡ್ಡೊಂದೇ ಅಲ್ಲ.

ಮೊದಲು ಇಬ್ಬರು ಅಮ್ಮಂದಿರನ್ನು ನೋಡಿ. ಲೆನಾರ್ಡ್‌ನ ಅಮ್ಮ ಬೆವರ್ಲಿ ಮನೋವೈದ್ಯೆ, ನರವಿಜ್ಞಾನಿ. ಮಕ್ಕಳನ್ನು ಹೇಗೆ ಬೆಳೆಸಬೇಕು ಅಂತ ಜಗತ್ತಿಗೆಲ್ಲ ಹೇಳುವಷ್ಟು ಓದಿದಾಕೆ. ಆಕೆಯ ಮನೆಯಲ್ಲಿ ಹುಟ್ಟುಹಬ್ಬ ಇಲ್ಲ. ಹುಟ್ಟುವುದರಲ್ಲಿ ಮಗುವಿನ ಸಾಧನೆ ಏನಿದೆ ಅನ್ನುವುದು ಆಕೆಯ ವಾದ. ಅಮ್ಮ ತಬ್ಬಿಕೊಳ್ಳುವುದಿಲ್ಲ ಅಂತ ಚಿಕ್ಕ ಲೆನಾರ್ಡ್ ತಾನೇ ಒಂದು ತಬ್ಬಿಕೊಳ್ಳುವ ಯಂತ್ರ ಮಾಡಿಕೊಂಡಿದ್ದನಂತೆ. ಅದಕ್ಕಿಂತ ಬೇಸರದ ವಿಷಯ ಏನು ಅಂದರೆ, ಅಪ್ಪ ಆಗಾಗ ಅದನ್ನು ಎರವಲು ತೆಗೆದುಕೊಂಡು ಹೋಗುತ್ತಿದ್ದರಂತೆ. ಸೀರಿಯಲ್ಲಿನಲ್ಲಿ ಈ ಮಾತಿಗೆ ಜನ ಜೋರಾಗಿ ನಗುತ್ತಾರೆ. ನಾನೂ ನಕ್ಕೆ, ಆಮೇಲೆ ಆ ಮನುಷ್ಯನನ್ನು ನೆನೆಸಿಕೊಂಡು ಹೊಟ್ಟೆ ಚುರುಕ್ ಅಂದಿತು.

ಶೆಲ್ಡನ್‌ನ ಅಮ್ಮ ಮೇರಿ ಪೂರ್ತಿ ಉಲ್ಟಾ. ಟೆಕ್ಸಸ್‌ನವಳು, ಚರ್ಚು, ಬೈಬಲ್ಲು, ಅಡುಗೆ. ಮಗ ಮಾಡುವ ಫಿಸಿಕ್ಸ್ ಒಂದಕ್ಷರ ಅರ್ಥವಾಗುವುದಿಲ್ಲ, ಮಗನಿಗೆ ದೇವರಲ್ಲಿ ನಂಬಿಕೆ ಇಲ್ಲ. ಆದರೆ ಮೊದಲ ಸೀಸನ್ನಿನಲ್ಲೇ ಅವನು ಕೆಲಸ ಕಳೆದುಕೊಂಡು ವಿಚಿತ್ರವಾಗಿ ಆಡುತ್ತಿದ್ದಾಗ ಲೆನಾರ್ಡ್ ಫೋನ್ ಮಾಡುವುದು ಈಕೆಗೇ. ಬರುತ್ತಾಳೆ, ಅಡುಗೆ ಮಾಡುತ್ತಾಳೆ, ನೀನು ಜಾಣ ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಬೇಡ ಅಂತ ಎಷ್ಟು ಸಲ ಹೇಳಿದ್ದೇನೆ ಅಂತ ಬೈಯುತ್ತಾಳೆ, ಕೈಹಿಡಿದು ಬಾಸ್ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಕೆಲಸ ವಾಪಸ್. ನನಗೆ ಹುಚ್ಚಿಲ್ಲ, ಅಮ್ಮ ಟೆಸ್ಟ್ ಮಾಡಿಸಿದ್ದಾಳೆ ಅಂತ ಶೆಲ್ಡನ್ ಆಗಾಗ ಹೇಳುತ್ತಿರುತ್ತಾನಲ್ಲ, ಮೇರಿಯ ಕಡೆಯ ಉತ್ತರ ಇನ್ನೂ ಚೆನ್ನಾಗಿದೆ: ಹ್ಯೂಸ್ಟನ್‌ನ ಆ ಸ್ಪೆಷಲಿಸ್ಟ್ ಹತ್ತಿರ ಇನ್ನೊಂದು ಸಲ ಹೋಗಬೇಕಿತ್ತು.

ಹೀಗಾಗಿ ಇಬ್ಬರು ಗಂಡಸರಲ್ಲಿ ಯಾರು ಗಟ್ಟಿ ನೋಡಿ. ಜಗತ್ತಿನಲ್ಲಿ ಯಾರ ಜೊತೆಗೂ ಹೊಂದಿಕೊಳ್ಳಲಾಗದ ಶೆಲ್ಡನ್‌ಗೆ ತನ್ನ ಬಗ್ಗೆ ಒಂದು ಚೂರೂ ಅನುಮಾನವಿಲ್ಲ. ಎಲ್ಲರ ಜೊತೆ ಚೆನ್ನಾಗಿರುವ ಲೆನಾರ್ಡ್‌ಗೆ ತನ್ನ ಮೇಲೆ ನಂಬಿಕೆಯೇ ಇಲ್ಲ. ಕೊನೆಯ ಸೀಸನ್ನಿನಲ್ಲಿ ಅವನು ಅಮ್ಮನಿಗೆ, ನಿನ್ನನ್ನು ಕ್ಷಮಿಸಿದ್ದೇನೆ ಅನ್ನುತ್ತಾನೆ. ಇಷ್ಟು ಹೇಳುವುದಕ್ಕೆ ಹನ್ನೆರಡು ಸೀಸನ್ ಬೇಕಾಯಿತು.

ಈಗ ಮಿಸ್ಸಿ ವಿಷಯಕ್ಕೆ ಬರುತ್ತೇನೆ. ಶೆಲ್ಡನ್‌ನ ಅವಳಿ ತಂಗಿ. ಬಿಗ್ ಬ್ಯಾಂಗ್‌ನಲ್ಲಿ ಅವಳು ಬರುವುದೇ ಅಪರೂಪ. ಮೊದಲ ಸೀಸನ್ನಿನಲ್ಲಿ ಬಂದಾಗ ನನ್ನಣ್ಣ ರಾಕೆಟ್ ವಿಜ್ಞಾನಿ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ, ಶೆಲ್ಡನ್‌ಗೆ ಅದೇ ಅವಮಾನ. ಆಮೇಲೆ ಅವನಿಗೆ ಹೊಳೆಯುತ್ತದೆ, ತನ್ನಂಥ ಇನ್ನೊಬ್ಬ ಜೀನಿಯಸ್ ಹುಟ್ಟುವುದಿದ್ದರೆ ಇವಳ ಹೊಟ್ಟೆಯಲ್ಲೂ ಹುಟ್ಟಬಹುದು, ಹಾಗಾಗಿ ಇವಳ ಗಂಡನನ್ನು ತಾನೇ ಆರಿಸಬೇಕು ಅಂತ. ಅವನಿಗೆ ಬುದ್ಧಿ ಅಂದರೆ ಬರೀ ಜೀನ್. ಬೆವರ್ಲಿಗೆ ಬುದ್ಧಿ ಅಂದರೆ ಸಂಶೋಧನೆಯ ವಿಷಯ. ಮಿಸ್ಸಿ ಇದಕ್ಕೆಲ್ಲ ವಾದ ಮಾಡುವುದಿಲ್ಲ, ಮಂಡಿ ಎತ್ತಿ ಒಂದು ಕೊಡುತ್ತಾಳೆ.

ಯಂಗ್ ಶೆಲ್ಡನ್‌ನಲ್ಲಿ ಅವಳ ಬಾಲ್ಯ ಸಿಗುತ್ತದೆ. ಜನರ ಮುಖ ನೋಡಿ ಒಳಗೇನಿದೆ ಅಂತ ಹೇಳುವ ಹುಡುಗಿ. ಅವಳಿ ಮಕ್ಕಳ ಅಧ್ಯಯನಕ್ಕೆ ಇಬ್ಬರನ್ನೂ ಕರೆದುಕೊಂಡು ಹೋಗುವ ಒಂದು ಎಪಿಸೋಡಿದೆ. ಜನರನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ಇವಳು ಅವನಿಗಿಂತ ಎಷ್ಟೋ ಮುಂದೆ ಅಂತ ಅಲ್ಲಿ ಗೊತ್ತಾಗುತ್ತದೆ. ಶೆಲ್ಡನ್‌ಗೆ ಹೊಟ್ಟೆಕಿಚ್ಚು. ಆದರೆ ಅದರಿಂದ ಮನೆಯಲ್ಲಿ ಏನೂ ಬದಲಾಗುವುದಿಲ್ಲ. ಅಣ್ಣನಿಗೆ ನಂಬರ್ ಬಂದಾಗ ಸ್ಕೂಲು, ಅಪ್ಪ ಅಮ್ಮನ ದಿನಚರಿ ಎಲ್ಲ ಬದಲಾಯಿತು. ತಂಗಿಯ ಜಾಣತನ ಗೊತ್ತಾದಾಗ ಮುಂದಿನ ವಾರದ ಕಥೆ ಶುರು. ಕೊನೆಯ ಸೀಸನ್ ಹೊತ್ತಿಗೆ ಅಮ್ಮ ಅಣ್ಣನ ಜೊತೆ ಜರ್ಮನಿಯಲ್ಲಿ, ಊರಲ್ಲಿ ಸುಂಟರಗಾಳಿ ಅಜ್ಜಿಯ ಮನೆಯನ್ನು ಕೊಚ್ಚಿಕೊಂಡು ಹೋಗಿದೆ, ಅಡುಗೆ ಮನೆ ನೋಡಿಕೊಳ್ಳುತ್ತಿರುವವಳು ಮಿಸ್ಸಿ. ನಮ್ಮಲ್ಲಿ ಸೆಕೆಂಡ್ ಪಿಯುಸಿ ಓದುವ ಹುಡುಗ ಇರುವ ಮನೆಯಲ್ಲಿ ಟಿವಿ ಆಫ್ ಮಾಡಿಸಿಕೊಂಡು ಕಾಫಿ ಲೋಟ ತೊಳೆದ ತಂಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡಣ್ಣ ಜಾರ್ಜಿದು ಇನ್ನೊಂದು ಬಗೆ. ಓದಿನಲ್ಲಿ ಹಿಂದೆ, ಸ್ಕೂಲು ಅರ್ಧಕ್ಕೆ ಬಿಟ್ಟ. ವ್ಯಾಪಾರ ಅಂದರೆ ಮಾತ್ರ ತಲೆ ಓಡುತ್ತದೆ. ಮುಂದೆ ಟೈರ್ ಅಂಗಡಿಗಳ ಮಾಲೀಕನಾಗುತ್ತಾನೆ. 2018ರಲ್ಲಿ ತನ್ನ ಮದುವೆಗೆ ಕರೆಯಲು ಶೆಲ್ಡನ್ ಅವನ ಹತ್ತಿರ ಹೋದಾಗ ಅವನು ಬರಲ್ಲ ಅನ್ನುತ್ತಾನೆ. ಅಪ್ಪ ಸತ್ತಾಗ ನೀನು ಕಾಲೇಜಿನಲ್ಲಿದ್ದೆ, ಅಮ್ಮನನ್ನೂ ಮಿಸ್ಸಿಯನ್ನೂ ನೋಡಿಕೊಂಡವನು ನಾನು ಅನ್ನುತ್ತಾನೆ. ಶೆಲ್ಡನ್‌ಗೆ ಅದು ಗೊತ್ತೇ ಇರಲಿಲ್ಲ. ಯೋಚನೆ ಮಾಡಿ, ಯಾವ ರೈಲು ಯಾವ ಸ್ಟೇಷನ್ನಿಗೆ ಎಷ್ಟು ಗಂಟೆಗೆ ಬರುತ್ತದೆ ಅಂತ ಬಾಯಿಪಾಠ ಹೇಳಬಲ್ಲವನಿಗೆ ಸ್ವಂತ ಮನೆ ಹೇಗೆ ನಡೆಯಿತು ಅನ್ನುವುದು ಗೊತ್ತಿಲ್ಲ.

ಅವನ ನೆನಪಿನ ಶಕ್ತಿ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ನೋಡಿದ್ದನ್ನೆಲ್ಲ ಹಾಗೇ ನೆನಪಿಟ್ಟುಕೊಳ್ಳುತ್ತೇನೆ ಅಂತ ಅವನ ಜಂಬ. ಬಾಗಿಲನ್ನು ಮೂರು ಸಲ ತಟ್ಟುವ ಅಭ್ಯಾಸಕ್ಕೆ ಅವನು ಕೊಡುವ ಕಾರಣ, 13ನೇ ವಯಸ್ಸಿನಲ್ಲಿ ರೂಮಿನ ಬಾಗಿಲು ತೆಗೆದಾಗ ಅಪ್ಪ ಬೇರೆ ಹೆಂಗಸಿನ ಜೊತೆ ಇದ್ದದ್ದನ್ನು ನೋಡಿದೆ ಅಂತ. ಬಿಗ್ ಬ್ಯಾಂಗ್ ಉದ್ದಕ್ಕೂ ಆ ಅಪ್ಪ ಕುಡುಕ, ಒರಟ. ಯಂಗ್ ಶೆಲ್ಡನ್ ಬಂದು ಆ ಸೀನನ್ನೇ ತೋರಿಸಿತು: ಆ ಹೆಂಗಸು ಅಮ್ಮನೇ, ಹೊಂಬಣ್ಣದ ವಿಗ್ ಹಾಕಿಕೊಂಡಿದ್ದಳು ಅಷ್ಟೇ. ಅಪ್ಪ ಜಾರ್ಜ್ ಹೈಸ್ಕೂಲ್ ಫುಟ್‌ಬಾಲ್ ಕೋಚ್, ಬಿಯರ್ ಪ್ರಿಯ, ದಣಿದ ಮನುಷ್ಯ, ಆದರೆ ಮನೆಗೆ ನಿಂತವನು. ಕಣ್ಣಿಗೆ ಬಿದ್ದದ್ದು ಸರಿಯಾಗೇ ನೆನಪಿದೆ, ಅರ್ಥ ಮಾತ್ರ ಪೂರ್ತಿ ತಪ್ಪು. ಬರೆಯುವವರು ಹಳೆಯ ಕಥೆಗೆ ತೇಪೆ ಹಾಕಲು ಇದನ್ನು ಮಾಡಿದರು ಅಂತ ಸುಮ್ನೆ ತಳ್ಳಿಹಾಕಬಹುದು. ನನಗೆ ಮಾತ್ರ 187ರ ಬಗ್ಗೆ ಇಷ್ಟು ಸರಿಯಾದ ಮಾತನ್ನು ಎರಡೂ ಸೀರಿಯಲ್ಲಿನಲ್ಲಿ ಬೇರೆಲ್ಲೂ ಯಾರೂ ಹೇಳಿಲ್ಲ ಅನ್ನಿಸಿತು. (ಚಿಕ್ಕ ವಯಸ್ಸಿನ ಮೇರಿಯಾಗಿ ನಟಿಸಿದ ಜೋಯಿ ಪೆರ್ರಿ, ದೊಡ್ಡ ಮೇರಿ ಲಾರಿ ಮೆಟ್ಕಾಫ್ ಅವರ ಸ್ವಂತ ಮಗಳು. ಧ್ವನಿ ಅಷ್ಟು ಹೊಂದುವುದು ಅದಕ್ಕೇ.)

ಉಳಿದ ಗೆಳೆಯರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೋವರ್ಡ್‌ನ ಅಪ್ಪ ಬಿಟ್ಟುಹೋದರು, ಅಮ್ಮ ಅವನನ್ನು ಬಿಡಲೇ ಇಲ್ಲ. ರಾಜ್‌ನ ಅಪ್ಪ ದೆಹಲಿಯ ಶ್ರೀಮಂತ ಗೈನಕಾಲಜಿಸ್ಟ್, ಲ್ಯಾಪ್‌ಟಾಪ್ ಪರದೆಯಿಂದ ಮಗನಿಗೆ ಮದುವೆ ಮಾಡಿಸಲು ನೋಡುತ್ತಾರೆ. ಅವರ ಕೂತ್ರಪ್ಪಳ್ಳಿ ಅನ್ನುವ ಮನೆತನದ ಹೆಸರು ದೆಹಲಿಗೆ ಹೇಗೆ ಹೋಯಿತು ಅಂತ ನಮ್ಮ ಕಡೆಯವರಿಗೆ ಅನ್ನಿಸದೇ ಇರದು. ಎದುರು ಮನೆಯ ಪೆನ್ನಿ ಮಾತ್ರ ಬೇರೆ. ನೆಬ್ರಾಸ್ಕಾದ ಹುಡುಗಿ. ಗಂಡು ಮಗು ಬೇಕಿದ್ದ ಅಪ್ಪ ಅವಳನ್ನು ಹುಡುಗನ ಹಾಗೇ ಬೆಳೆಸಿದರು, ಮೀನು ಹಿಡಿಯುವುದು, ಇಂಜಿನ್ ಬಿಚ್ಚುವುದು. ಡಿಗ್ರಿ ಮುಗಿಸಲಿಲ್ಲ, ಅವಳನ್ನು ದಡ್ಡಿ ಅಂತ ಎಲ್ಲರೂ ನಗುತ್ತಾರೆ. ಆದರೆ ಶೆಲ್ಡನ್‌ಗೆ ಜ್ವರ ಬಂದಾಗ, ಲೆನಾರ್ಡ್‌ಗೆ ಮೊದಲ ಹುಟ್ಟುಹಬ್ಬ ಆಗಬೇಕಾದಾಗ, ಕೆಲಸಕ್ಕೆ ಬರುವುದು ಇವಳ ತಲೆಯೇ. ಮಿಸ್ಸಿಯ ಬುದ್ಧಿ ಅದು, ಕ್ಯಾಲಿಫೋರ್ನಿಯಾಕ್ಕೆ ಬಂದಿದೆ ಅಷ್ಟೇ.

2019ರ ಮೇ 16ರ ಕೊನೆಯ ಎಪಿಸೋಡಿನಲ್ಲಿ ಶೆಲ್ಡನ್‌ಗೂ ಅವನ ಹೆಂಡತಿ ಏಮಿಗೂ ನೊಬೆಲ್ ಬರುತ್ತದೆ. ಅವನು ಬರೆದುಕೊಂಡು ಬಂದ ಭಾಷಣ ಪಕ್ಕಕ್ಕಿಟ್ಟು ಥ್ಯಾಂಕ್ಸ್ ಹೇಳುತ್ತಾನೆ. ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಎದ್ದು ನಿಲ್ಲಿಸುತ್ತಾನೆ. ಮನೆಯವರದು ಅದಕ್ಕೂ ಮೊದಲು ಒಂದೇ ಉಸಿರಿನಲ್ಲಿ ಬಂದುಹೋಗುತ್ತದೆ: ಅಮ್ಮ, ಅಪ್ಪ, ಅಜ್ಜಿ, ಅಣ್ಣ, ತಂಗಿ. ಹೆಸರಿಲ್ಲ, ಸಭೆಯಲ್ಲಿ ಕುರ್ಚಿಯೂ ಇಲ್ಲ. ಆ ಸೀನ್ ನೋಡಿ ಅತ್ತವರು ತುಂಬಾ ಜನ, ನಾನು ಬೇಡ ಅನ್ನುವುದಿಲ್ಲ. ಜಾರ್ಜಿಗೆ 2024ರ ಅಕ್ಟೋಬರ್‌ನಲ್ಲಿ ತನ್ನದೇ ಹೆಸರಿನ ಸೀರಿಯಲ್ ಸಿಕ್ಕಿತು, ಹೆಂಡತಿ ಮ್ಯಾಂಡಿ, ಮಗು, ಟೈರ್ ಅಂಗಡಿ ಸಮೇತ. ಮಿಸ್ಸಿಗೂ ಒಂದು ಮಾಡಿದರೆ ನಾನು ಮೊದಲ ದಿನವೇ ಕೂತು ನೋಡುವವಳು.